ಮೂರನೆಯ ಕತ್ತಿಯ ಬೆಲೆ

ಲೋಕವೆಲ್ಲ ಕತ್ತಲಲ್ಲಿ ಮುಳುಗಿದ್ದ ಕಾಲ. ಆ ಕತ್ತಲನ್ನು ಸೀಳುವ ಕತ್ತಿಯೊಂದು ಬೇಕಾಗಿತ್ತು. ಅಜೋರ್ ಅಹಾಯ್ ಎಂಬ ವೀರ ದೇಗುಲದ ಬೆಂಕಿಯ ಮುಂದೆ 30 ಹಗಲು 30 ಇರುಳು ದುಡಿದು ಕತ್ತಿಯೊಂದನ್ನು ಮಾಡಿದ. ಹದ ಕೊಡಲು ನೀರಿಗೆ ಅದ್ದಿದರೆ ಚೂರಾಯಿತು. ಮತ್ತೆ 50 ಹಗಲು 50 ಇರುಳು ದುಡಿದ. ಈ ಸಲ ಸಿಂಹವೊಂದನ್ನು ಹಿಡಿದು ಅದರ ಗುಂಡಿಗೆಗೆ ಇರಿದು ಹದ ಕೊಟ್ಟ. ಅದೂ ಒಡೆಯಿತು. ಮೂರನೆಯ ಕತ್ತಿಗೆ 100 ಹಗಲು 100 ಇರುಳು ಹಿಡಿಯಿತು. ಅದಕ್ಕೆ ಎಂಥ ಹದ ಬೇಕೆಂದು ಅಷ್ಟು ಹೊತ್ತಿಗೆ ಅವನಿಗೆ ತಿಳಿದುಹೋಗಿತ್ತು. ಲೋಕದಲ್ಲಿ ಯಾರಿಗಿಂತಲೂ ಹೆಚ್ಚಾಗಿ ತಾನು ಪ್ರೀತಿಸುತ್ತಿದ್ದ ಹೆಂಡತಿ ನಿಸ್ಸಾ ನಿಸ್ಸಾಳನ್ನು ಕರೆದ. ಕಾದ ಕತ್ತಿಯನ್ನು ಅವಳ ಎದೆಗೆ ಇಳಿಸಿದ. ಅವಳ ಕೂಗಿಗೆ ಚಂದ್ರನ ಮೈ ಬಿರುಕುಬಿಟ್ಟಿತು. ಅವಳ ಜೀವ ಉಕ್ಕಿನೊಳಗೆ ಇಳಿದು ಕತ್ತಿ ಉರಿಯತೊಡಗಿತು. ಅದರ ಹೆಸರು ಲೈಟ್‌ಬ್ರಿಂಗರ್.

ಜಾರ್ಜ್ ಆರ್. ಆರ್. ಮಾರ್ಟಿನ್ ಅವರ ‘ಎ ಸಾಂಗ್ ಆಫ್ ಐಸ್ ಆ್ಯಂಡ್ ಫೈರ್’ ಮಾಲೆಯ ಎರಡನೆಯ ಕಾದಂಬರಿ ‘ಎ ಕ್ಲ್ಯಾಶ್ ಆಫ್ ಕಿಂಗ್ಸ್’ನಲ್ಲಿ (1998) ಈ ಕಥೆ ಬರುತ್ತದೆ. ಹೇಳುವವನು ಸಲ್ಲಾಡೋರ್ ಸಾನ್ ಎಂಬ ಕಡಲುಗಳ್ಳ. ಕೇಳುವವನು ಅವನ ಹಳೆಯ ಗೆಳೆಯ, ಒಂದು ಕಾಲದಲ್ಲಿ ಕಳ್ಳಸಾಗಣೆ ಮಾಡುತ್ತಿದ್ದ ಡಾವೋಸ್. ಡ್ರ್ಯಾಗನ್‌ಸ್ಟೋನ್ ದ್ವೀಪದಲ್ಲಿ ಡಾವೋಸನ ದೊರೆ ಸ್ಟಾನಿಸ್ ಏಳು ದೇವರ ಮರದ ವಿಗ್ರಹಗಳಿಗೆ ಬೆಂಕಿ ಹಚ್ಚಿಸಿ, ಆ ಬೆಂಕಿಯೊಳಗಿಂದ ಉರಿಯುವ ಕತ್ತಿಯೊಂದನ್ನು ಆಗಷ್ಟೇ ಹಿರಿದಿದ್ದಾನೆ. ಇವನೇ ಮರಳಿ ಹುಟ್ಟಿದ ಅಜೋರ್ ಅಹಾಯ್ ಎಂದು ಕೆಂಪುಡುಗೆಯ ಪೂಜಾರಿಣಿ ಮೆಲಿಸಾಂಡ್ರೆ ಸಾರಿದ್ದಾಳೆ. ನಿನ್ನ ದೊರೆಯ ಕೈಯಲ್ಲಿರುವುದು ಬರೀ ಸುಟ್ಟ ಕತ್ತಿ, ನಿಜವಾದದ್ದಲ್ಲ, ಅದು ನಿಮ್ಮ ಪುಣ್ಯ ಎಂಬ ಅರ್ಥದಲ್ಲಿ ಕಡಲುಗಳ್ಳ ಗೆಳೆಯನಿಗೆ ಬುದ್ಧಿ ಹೇಳುತ್ತಾನೆ.

ಆ ಕಾದಂಬರಿ ಬಂದಂದಿನಿಂದ ಓದುಗರು ಒಂದೇ ಪ್ರಶ್ನೆಯ ಬೆನ್ನು ಹತ್ತಿದ್ದಾರೆ: ಹಾಗಾದರೆ ನಿಜವಾದ ಅಜೋರ್ ಅಹಾಯ್ ಯಾರು? ಲಕ್ಷಣಗಳೇನೋ ಗೊತ್ತಿವೆ. ನಕ್ಷತ್ರ ರಕ್ತ ಸುರಿಸುವ ಹೊತ್ತಿನಲ್ಲಿ, ಉಪ್ಪು ಮತ್ತು ಹೊಗೆಯ ನಡುವೆ ಅವನು ಮರುಹುಟ್ಟು ಪಡೆಯಬೇಕು. ಕಲ್ಲಿನಿಂದ ಡ್ರ್ಯಾಗನ್‌ಗಳನ್ನು ಎಬ್ಬಿಸಬೇಕು. ಉರಿಯುವ ಕತ್ತಿ ಹಿಡಿಯಬೇಕು. ಈ ನಾಲ್ಕಾರು ಗುರುತುಗಳನ್ನು ಹಿಡಿದುಕೊಂಡು ಐದು ಪುಸ್ತಕಗಳ 17 ಲಕ್ಷಕ್ಕೂ ಹೆಚ್ಚು ಪದಗಳನ್ನು ಓದುಗರು ಸಾಲುಸಾಲಾಗಿ ಜಾಲಾಡಿದ್ದಾರೆ. ಅವರ ಶ್ರದ್ಧೆಯ ಬಗ್ಗೆ ನನಗೆ ಅಪಾರ ಗೌರವವಿದೆ. ಆದರೆ ಆ ಥಿಯರಿಗಳನ್ನು ಓದುತ್ತ ಹೋದಂತೆ ಒಂದು ವಿಷಯ ಕಾಡುತ್ತದೆ. ಉಪ್ಪು, ಹೊಗೆ, ನಕ್ಷತ್ರಗಳನ್ನು ಎಲ್ಲರೂ ಲೆಕ್ಕ ಹಾಕುತ್ತಾರೆ. ನಿಸ್ಸಾ ನಿಸ್ಸಾಳನ್ನು ಹೆಚ್ಚಿನವರು ಕೊನೆಗೆ ಖಾಲಿ ಉಳಿದ ಜಾಗ ತುಂಬುವುದಕ್ಕಷ್ಟೇ ನೆನೆಸಿಕೊಳ್ಳುತ್ತಾರೆ. ಮಾರ್ಟಿನ್ ಮಾತ್ರ ಮೊದಲಿನಿಂದಲೂ ಅವಳ ಬಗ್ಗೆಯೇ ಬರೆಯುತ್ತ ಬಂದಿದ್ದಾರೆ ಎಂದು ನನಗನ್ನಿಸುತ್ತದೆ.

ಮೊದಲು ಉಮೇದುವಾರರನ್ನು ನೋಡೋಣ. ಲಕ್ಷಣಗಳನ್ನಷ್ಟೇ ಎಣಿಸಿದರೆ ಡೆನೇರಿಸ್ ಟಾರ್ಗೇರಿಯನ್‌ಗೆ ಸಾಟಿಯಿಲ್ಲ. 1996ರ ಮೊದಲ ಪುಸ್ತಕದ ಕೊನೆಯ ಅಧ್ಯಾಯದಲ್ಲಿ ಅವಳು ಗಂಡ ಡ್ರೋಗೋನ ಚಿತೆಯೊಳಗೆ ನಡೆದುಹೋಗುತ್ತಾಳೆ. ಆಕಾಶದಲ್ಲಿ ಕೆಂಪು ಧೂಮಕೇತು ಇದೆ, ಸುತ್ತ ಹೊಗೆ ಇದೆ. ಬೆಳಗಾದಾಗ ಕಲ್ಲಾಗಿದ್ದ ಮೂರು ಮೊಟ್ಟೆಗಳಿಂದ ಮೂರು ಡ್ರ್ಯಾಗನ್ ಮರಿಗಳು ಹೊರಬಂದಿವೆ. ಉಪ್ಪು ಬೇಕೆಂದರೆ ಅವಳು ಹುಟ್ಟಿದ್ದೇ ಸಮುದ್ರದ ನಡುವೆ, ಹೊಗೆ ಕಾರುವ ಬೆಟ್ಟವಿರುವ ಡ್ರ್ಯಾಗನ್‌ಸ್ಟೋನ್ ದ್ವೀಪದಲ್ಲಿ. ಅವಳ ಮನೆತನದವನೇ ಆದ, ನೂರು ದಾಟಿದ ಕುರುಡು ಪಂಡಿತ ಮೇಸ್ಟರ್ ಏಮನ್ ಸಾಯುವ ಮುನ್ನ ಹಡಗಿನಲ್ಲಿ ಮಲಗಿ ಇದೇ ತೀರ್ಮಾನಕ್ಕೆ ಬರುತ್ತಾನೆ. ಹಳೆಯ ಭವಿಷ್ಯವಾಣಿ ರಾಜಕುಮಾರನೊಬ್ಬ ಬರುತ್ತಾನೆ ಎಂದಿತ್ತು. ನಾವು ಗಂಡಸರನ್ನೇ ಹುಡುಕಿದೆವು, ಹೆಣ್ಣೊಬ್ಬಳು ಇರಬಹುದೆಂದು ಯಾರೂ ಯೋಚಿಸಲೇ ಇಲ್ಲ ಎಂದು ಅವನು ಹಲುಬುತ್ತಾನೆ.

ಡೆನೇರಿಸ್ ಪಕ್ಷದವರಿಗೆ ಎದುರಾಗಿ ನಿಂತವರು ಜಾನ್ ಸ್ನೋ ಪಕ್ಷದವರು. ಅವರ ವಾದದ ಬುನಾದಿ 2011ರ ‘ಎ ಡ್ಯಾನ್ಸ್ ವಿತ್ ಡ್ರ್ಯಾಗನ್ಸ್’ನಲ್ಲಿ ಇರುವ ಜಾನ್‌ನ ಕೊನೆಯ ಅಧ್ಯಾಯ. ಉತ್ತರದ ಗೋಡೆ ಕಾಯುವ ಕಾವಲುಪಡೆಯ ಅವನ ಸ್ವಂತ ಬಂಟರೇ ಅವನನ್ನು ಇರಿಯುತ್ತಾರೆ. ಇರಿಯುವವರಲ್ಲಿ ಒಬ್ಬನ ಕೆನ್ನೆಯ ಮೇಲೆ ಕಣ್ಣೀರು ಹರಿಯುತ್ತಿದೆ: ಅದು ಉಪ್ಪು. ಕೊರೆಯುವ ಚಳಿಯಲ್ಲಿ ಗಾಯದಿಂದ ಹಬೆ ಏಳುತ್ತಿದೆ: ಅದು ಹೊಗೆ. ಅದಕ್ಕೆ ಕೆಲವೇ ನಿಮಿಷ ಮೊದಲು, ಎದೆಯ ಮೇಲೆ ನಕ್ಷತ್ರದ ಲಾಂಛನ ಧರಿಸಿದ್ದ ಸರ್ ಪ್ಯಾಟ್ರೆಕ್ ಎಂಬ ಯೋಧನನ್ನು ದೈತ್ಯನೊಬ್ಬ ಸೀಳಿಹಾಕಿದ್ದಾನೆ: ಅಲ್ಲಿಗೆ ರಕ್ತ ಸುರಿಸುವ ನಕ್ಷತ್ರವೂ ಸಿಕ್ಕಿತು. ಅದೇ ಪುಸ್ತಕದಲ್ಲಿ ಜಾನ್ ಕನಸು ಕಾಣುತ್ತಾನೆ, ಕೈಯಲ್ಲಿ ಕೆಂಪಗೆ ಉರಿಯುವ ಕತ್ತಿಯಿದೆ. ಅಜೋರ್ ಅಹಾಯ್‌ನನ್ನು ತೋರಿಸು ಎಂದು ಬೆಂಕಿಯನ್ನು ಬೇಡಿದಾಗ ಮೆಲಿಸಾಂಡ್ರೆಗೆ ಕಾಣುವುದೂ ಅವನೇ. ಸ್ಟಾನಿಸನನ್ನು ನಂಬಿ ಕೂತಿರುವ ಅವಳಿಗೆ ಕಣ್ಣೆದುರಿನ ಉತ್ತರ ಅರ್ಥವಾಗುವುದಿಲ್ಲ.

ಆ ನಕ್ಷತ್ರದ ಸಂಗತಿಯನ್ನು ಸ್ವಲ್ಪ ನಿಂತು ನೋಡಬೇಕು. ಸರ್ ಪ್ಯಾಟ್ರೆಕ್ ಪುಸ್ತಕದೊಳಗೆ ಬಂದದ್ದು ಒಂದು ಪಂದ್ಯದ ಬಾಜಿಯಿಂದ. ಮಾರ್ಟಿನ್ ನ್ಯೂಯಾರ್ಕ್‌ನ ಅಮೆರಿಕನ್ ಫುಟ್‌ಬಾಲ್ ತಂಡಗಳ ಕಟ್ಟಾ ಅಭಿಮಾನಿ. ಡಲ್ಲಾಸ್ ಕೌಬಾಯ್ಸ್ ತಂಡವನ್ನು ಮೆಚ್ಚುವ ಓದುಗನೊಬ್ಬನೊಂದಿಗೆ ಬಾಜಿ ಕಟ್ಟಿ ಸೋತರು. ಸೋತದ್ದಕ್ಕಾಗಿ ಅವನ ಹೆಸರಿನ ಪಾತ್ರವೊಂದನ್ನು ಕಾದಂಬರಿಯಲ್ಲಿ ತಂದು ಕೊಲ್ಲಿಸಬೇಕಾಯಿತು. ಕೌಬಾಯ್ಸ್ ತಂಡದ ಲಾಂಛನ ನಕ್ಷತ್ರ. ಅವರ ಎದುರಾಳಿ ನ್ಯೂಯಾರ್ಕ್ ತಂಡದ ಹೆಸರು ಜೈಂಟ್ಸ್, ಅಂದರೆ ದೈತ್ಯರು. ಹೀಗೆ ಒಂದೇ ದೃಶ್ಯದಲ್ಲಿ ಒಬ್ಬರಿಗೆ ಸಾವಿರಾರು ವರ್ಷಗಳ ಭವಿಷ್ಯವಾಣಿ ಫಲಿಸಿದಂತೆ ಕಾಣುತ್ತದೆ, ಇನ್ನೊಬ್ಬರಿಗೆ ಲೇಖಕರು ಸೋತ ಬಾಜಿಯನ್ನು ತೀರಿಸಿದಂತೆ ಕಾಣುತ್ತದೆ. ಎರಡೂ ಒಟ್ಟಿಗೆ ನಿಜವಾಗಿರಲು ಅಡ್ಡಿಯೇನಿಲ್ಲ. ಒಳ್ಳೆಯ ಕಾದಂಬರಿಕಾರ ಕೈಗೆ ಸಿಕ್ಕ ಯಾವುದನ್ನೂ ವ್ಯರ್ಥ ಮಾಡುವುದಿಲ್ಲ. ಆದರೆ ಒಂದು ಲಕ್ಷಣ ಎಷ್ಟು ಸುಲಭವಾಗಿ ಯಾರ ಮೈಗಾದರೂ ಹೊಂದುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

ಉಳಿದವರೂ ಇದ್ದಾರೆ. ಜೇಮಿ ಲ್ಯಾನಿಸ್ಟರ್ ಒಂದು ರಾತ್ರಿ ಮರದ ಬೊಡ್ಡೆಗೆ ತಲೆಯಿಟ್ಟು ಮಲಗಿದಾಗ ಉರಿಯುವ ಕತ್ತಿಯ ಕನಸು ಕಂಡ, ಆದ್ದರಿಂದ ಅವನೇ ಎನ್ನುವವರಿದ್ದಾರೆ. ಆ ಕನಸಿನಲ್ಲಿ ಅವನ ಕತ್ತಿ ಆರಿಹೋಗಿ ಜೊತೆಗಿದ್ದ ಬ್ರಿಯೆನ್‌ಳ ಕತ್ತಿ ಮಾತ್ರ ಉರಿಯುತ್ತ ಉಳಿಯುತ್ತದೆ ಎಂಬುದನ್ನು ಅವರು ಬೇಗ ದಾಟಿಬಿಡುತ್ತಾರೆ. ಚಂದ್ರನ ಬಿರುಕನ್ನು ಹಿಡಿದು ಹೊರಟ ಇನ್ನೊಂದು ಪಂಥವಿದೆ. ಹಿಂದೆ ಎರಡು ಚಂದ್ರರಿದ್ದರು, ಒಂದು ಒಡೆದು ಅದರೊಳಗಿಂದ ಡ್ರ್ಯಾಗನ್‌ಗಳು ಸುರಿದವು ಎಂದು ಕಾರ್ಥ್ ನಗರದಲ್ಲಿ ಹೇಳುವ ಕಥೆಗೂ ನಿಸ್ಸಾ ನಿಸ್ಸಾಳ ಕೂಗಿಗೂ ಅವರು ಗಂಟು ಹಾಕಿ, ಇಡೀ ಪುರಾಣವನ್ನೇ ಉಲ್ಕಾಪಾತದ ನೆನಪಾಗಿ ಓದುತ್ತಾರೆ. ನನಗೆ ಎಲ್ಲಕ್ಕಿಂತ ಪ್ರಿಯವಾದ ಥಿಯರಿ ಬೇರೆ. ಲೈಟ್‌ಬ್ರಿಂಗರ್ ಎಂಬುದು ಲೋಹದ ಕತ್ತಿಯೇ ಅಲ್ಲ, ಗೋಡೆ ಕಾಯುವ ಕಾವಲುಪಡೆಯೇ ಆ ಕತ್ತಿ ಎನ್ನುತ್ತದೆ ಅದು. ಪಡೆಗೆ ಸೇರುವವನು ಮಾಡುವ ಪ್ರಮಾಣದಲ್ಲಿ ಕತ್ತಿ, ಬೆಂಕಿ, ಬೆಳಕು ಮೂರೂ ಬರುತ್ತವೆ. ಅದೇ ಪ್ರಮಾಣದಲ್ಲಿ ಹೆಂಡತಿ ಇಲ್ಲ, ಮಕ್ಕಳಿಲ್ಲ, ಭೂಮಿಯಿಲ್ಲ ಎಂಬ ಮಾತೂ ಇದೆ. ನಿಸ್ಸಾ ನಿಸ್ಸಾಳನ್ನು ಒಬ್ಬೊಬ್ಬ ಕಾವಲುಗಾರನೂ ಮೊದಲ ದಿನವೇ ಬಿಟ್ಟುಕೊಟ್ಟು ಬಂದಿರುತ್ತಾನೆ. ಬೆಲೆಯ ಲೆಕ್ಕವನ್ನು ಒಳಗೆ ತರುವುದರಿಂದಲೇ ಈ ವಾದಕ್ಕೆ ತೂಕ ಬಂದಿದೆ. ಇದರ ದೌರ್ಬಲ್ಯವೂ ಅಲ್ಲೇ ಇದೆ: ಈ ಪಡೆಯಲ್ಲಿ ಬಹುಮಂದಿ ಶಿಕ್ಷೆ ತಪ್ಪಿಸಿಕೊಳ್ಳಲು ಬಂದವರು. ಅವರು ಕೊಟ್ಟದ್ದು ಮನಸಾರೆ ಕೊಟ್ಟದ್ದಲ್ಲ.

ಇಷ್ಟೊಂದು ಥಿಯರಿಗಳು ಹುಟ್ಟಲು ಮಾರ್ಟಿನ್ ಅವರ ಕಥನಕ್ರಮವೇ ಕಾರಣ. ಪ್ರತಿ ಅಧ್ಯಾಯವೂ ಒಂದು ಪಾತ್ರದ ಕಣ್ಣಿನಿಂದಲೇ ಸಾಗುತ್ತದೆ. ಆ ಪಾತ್ರ ನೋಡದ್ದನ್ನು, ತಿಳಿಯದ್ದನ್ನು ನಾವೂ ತಿಳಿಯಲಾರೆವು. ಅದಕ್ಕಿಂತ ಮುಖ್ಯವಾಗಿ, ಭವಿಷ್ಯವಾಣಿಯ ಮೂಲಪಾಠವನ್ನು ಈ ಐದು ಪುಸ್ತಕಗಳಲ್ಲಿ ಎಲ್ಲಿಯೂ ನಮ್ಮ ಮುಂದಿಟ್ಟಿಲ್ಲ. ಕಡಲುಗಳ್ಳನ ಹರಟೆ, ಪೂಜಾರಿಣಿಯ ಘೋಷಣೆ, ಜ್ವರ ಬಂದ ಮುದುಕನ ಬಡಬಡಿಕೆ, ಮಾಟಗಾರರ ಮನೆಯಲ್ಲಿ ಡೆನೇರಿಸ್ ಕಂಡ ಒಂದು ಕ್ಷಣದ ದೃಶ್ಯ, ಇಷ್ಟೇ ನಮ್ಮ ಆಕರ. ಮೈಲಾರದ ಕಾರ್ಣಿಕ ಕೇಳಿದವರು ಒಂದೇ ಸಾಲನ್ನು ಮಳೆಗೂ ಬೆಳೆಗೂ ರಾಜಕಾರಣಕ್ಕೂ ಹೊಂದಿಸಿ ಅರ್ಥ ಮಾಡುತ್ತಾರೆ; ಅಲ್ಲಿ ಆ ಸಾಲನ್ನಾದರೂ ನೆರೆದವರೆಲ್ಲ ಕಿವಿಯಾರೆ ಕೇಳಿರುತ್ತಾರೆ. ಇಲ್ಲಿ ಆ ಸಾಲೇ ಇಲ್ಲ. ಮೆಲಿಸಾಂಡ್ರೆ ಹೇಳುವ ಅಜೋರ್ ಅಹಾಯ್ ಮತ್ತು ಟಾರ್ಗೇರಿಯನ್ ಮನೆತನ ಕಾಯುತ್ತಿರುವ ರಾಜಕುಮಾರ ಒಬ್ಬನೇ ವ್ಯಕ್ತಿಯೇ, ಇಬ್ಬರೇ ಎಂಬುದೂ ಖಚಿತವಿಲ್ಲ. 2014ರಲ್ಲಿ ಬಂದ ‘ದ ವರ್ಲ್ಡ್ ಆಫ್ ಐಸ್ ಆ್ಯಂಡ್ ಫೈರ್’ ಇದೇ ವೀರನಿಗೆ ಹಿರ್ಕೂನ್, ಯಿನ್ ತಾರ್, ನೆಫೆರಿಯೋನ್, ಎಲ್ಡ್ರಿಕ್ ಎಂಬ ಹೆಸರುಗಳನ್ನೂ ಕೊಡುತ್ತದೆ. ಉತ್ತರದಲ್ಲಿ ಮುದುಕಿ ನ್ಯಾನ್ ಮಕ್ಕಳಿಗೆ ಹೇಳುವ ಕಥೆಯಲ್ಲಿ ಅವನಿಗೆ ಹೆಸರೂ ಇಲ್ಲ. ಅಲ್ಲಿ ಅವನು ಹೆಂಡತಿಯನ್ನು ಕೊಲ್ಲುವುದಿಲ್ಲ. ಜೊತೆಗೆ ಬಂದ ಗೆಳೆಯರು, ಕುದುರೆ, ನಾಯಿ ಒಂದೊಂದಾಗಿ ಸಾಯುತ್ತವೆ, ಕೊನೆಗೆ ಚಳಿಗೆ ಕತ್ತಿಯೂ ಮುರಿಯುತ್ತದೆ. ಒಂದೇ ದೀರ್ಘ ರಾತ್ರಿಯನ್ನು ಎರಡು ನಾಡುಗಳು ಬೇರೆ ಬೇರೆಯಾಗಿ ನೆನಪಿಟ್ಟಿವೆ. ಬೆಲೆ ತೆತ್ತದ್ದನ್ನು ಮಾತ್ರ ಎರಡೂ ಮರೆತಿಲ್ಲ.

ಬೇರೆ ಮಾಲೆಗಳಲ್ಲಿ ಇಷ್ಟು ಗೋಜಲಿಲ್ಲ. 2003ರ ಐದನೆಯ ಹ್ಯಾರಿ ಪಾಟರ್ ಪುಸ್ತಕದಲ್ಲಿ ಭವಿಷ್ಯವಾಣಿ ನೆವಿಲ್‌ಗೂ ಹೊಂದುತ್ತಿತ್ತು ಎಂದು ರೌಲಿಂಗ್ ತಾವೇ ಹೇಳಿ, ವೋಲ್ಡೆಮಾರ್ಟ್ ಯಾರನ್ನು ಆರಿಸಿಕೊಂಡನೋ ಅವನೇ ಗುರುತಾದವನು ಎಂದು ಉತ್ತರವನ್ನೂ ಕೊಟ್ಟುಬಿಟ್ಟರು. ಫ್ರಾಂಕ್ ಹರ್ಬರ್ಟ್ 1965ರ ‘ಡ್ಯೂನ್’ನಲ್ಲಿ ಇನ್ನೂ ಮುಂದೆ ಹೋಗಿ, ಉದ್ಧಾರಕ ಬರುತ್ತಾನೆಂಬ ನಂಬಿಕೆಯನ್ನು ಒಂದು ಸಂಘಟನೆ ಬೇಕೆಂದೇ ಜನರ ನಡುವೆ ಬಿತ್ತಿತ್ತು ಎಂದು ತೋರಿಸಿದರು.

ಮಾರ್ಟಿನ್ ಅವರ ಲೋಕದಲ್ಲಿ ಕಾಣಿಸುವುದು ಸುಳ್ಳಲ್ಲ, ಓದುವುದು ತಪ್ಪು. ಇದಕ್ಕೆ ಮೆಲಿಸಾಂಡ್ರೆಯೇ ಸಾಕ್ಷಿ. ಸ್ಟಾನಿಸನ ತಮ್ಮ ರೆನ್ಲಿ ಹಸಿರು ಕವಚ ತೊಟ್ಟು ಬಂದು ರಾಜಧಾನಿಯ ಕೋಟೆಯಡಿ ಅಣ್ಣನ ಸೇನೆಯನ್ನು ನುಚ್ಚುನೂರು ಮಾಡುವುದನ್ನು ಅವಳು ಬೆಂಕಿಯಲ್ಲಿ ಕಾಣುತ್ತಾಳೆ. ಅದನ್ನು ತಪ್ಪಿಸಲೆಂದು ರೆನ್ಲಿಯನ್ನು ಕೊಲ್ಲಿಸುತ್ತಾಳೆ. ರೆನ್ಲಿ ಸತ್ತಮೇಲೆ ಅವನ ಕವಚವನ್ನು ಗಾರ್ಲನ್ ಟೈರೆಲ್ ತೊಟ್ಟು ಬರುತ್ತಾನೆ, ಸ್ಟಾನಿಸನ ಸೇನೆ ನುಚ್ಚುನೂರಾಗುತ್ತದೆ. ಕಂಡದ್ದು ಅಕ್ಷರಶಃ ನಡೆಯಿತು, ಕಂಡವಳು ತಡೆಯಲು ಹೋದದ್ದರಿಂದಲೇ ನಡೆಯಿತು. ಮಾರ್ಟಿನ್ ಈ ಮಾಲೆಗೆ ಬಹಳಷ್ಟನ್ನು ತೆಗೆದುಕೊಂಡ ಇಂಗ್ಲೆಂಡಿನ ಗುಲಾಬಿಗಳ ಯುದ್ಧದಲ್ಲಿಯೂ ಇಂಥ ಕಥೆಯೊಂದಿದೆ. ಸಾಮರ್ಸೆಟ್‌ನ ಡ್ಯೂಕ್ ಎಡ್ಮಂಡ್ ಬ್ಯೂಫೋರ್ಟ್ ಕೋಟೆಯಡಿಯಲ್ಲಿ ಸಾಯುತ್ತಾನೆಂದು ಯಾರೋ ನುಡಿದಿದ್ದರಂತೆ. 1455ರ ಸೇಂಟ್ ಆಲ್ಬನ್ಸ್ ಕದನದಲ್ಲಿ ಅವನು ಸತ್ತದ್ದು ಒಂದು ಛತ್ರದ ಮುಂದೆ. ಛತ್ರದ ಫಲಕದ ಮೇಲೆ ಕೋಟೆಯ ಚಿತ್ರವಿತ್ತು. ಭವಿಷ್ಯವಾಣಿಯ ಬಗ್ಗೆ ಕೇಳಿದಾಗ ಮಾರ್ಟಿನ್ ಈ ಕಥೆಯನ್ನು ಹೇಳಿದ್ದುಂಟು.

ಓದು ತಪ್ಪಿದರೆ ತೆರಬೇಕಾದವರು ಯಾರು ಎಂಬುದು ನನ್ನ ಪಾಲಿಗೆ ಈ ಮಾಲೆಯ ನಿಜವಾದ ಪ್ರಶ್ನೆ. ಡೆನೇರಿಸ್‌ಳ ಅಣ್ಣ ರೇಗರ್ ಟಾರ್ಗೇರಿಯನ್‌ನನ್ನೇ ನೋಡಿ. ಅವನ ಮುತ್ತಾತ ಐದನೆಯ ಏಗನ್ ಡ್ರ್ಯಾಗನ್ ಮೊಟ್ಟೆಗಳನ್ನು ಒಡೆಸಲು ಹೋಗಿ ಸಮ್ಮರ್‌ಹಾಲ್ ಅರಮನೆ ಹೊತ್ತಿಕೊಂಡು, ದೊರೆಯೂ ಅವನ ಹಿರಿಯ ಮಗನೂ ಸತ್ತ ದಿನವೇ ಹುಟ್ಟಿದ ಕೂಸು ಅವನು. ಓದಿನಲ್ಲೇ ಮುಳುಗಿದ್ದ ಹುಡುಗ ಹಳೆಯ ಸುರುಳಿಯೊಂದರಲ್ಲಿ ಏನನ್ನೋ ಓದಿ, ಒಂದು ಬೆಳಿಗ್ಗೆ ಕತ್ತಿ ಕೇಳಿಕೊಂಡು ಅಂಗಳಕ್ಕೆ ಬಂದ. ಆ ವೀರ ತಾನೇ ಎಂದು ಮೊದಲು ನಂಬಿದ. ಆಮೇಲೆ ತನ್ನ ಮಗ ಎಂದು ನಂಬಿದ. ಡ್ರ್ಯಾಗನ್‌ಗೆ ಮೂರು ತಲೆ, ಇನ್ನೊಂದು ಮಗು ಬೇಕು ಎಂದುಕೊಂಡ. ಆಮೇಲೆ ಲಿಯಾನಾ ಸ್ಟಾರ್ಕ್ ಜೊತೆ ಕಣ್ಮರೆಯಾದ. ಆ ಮೂರನೆಯ ಮಗು ಜಾನ್ ಸ್ನೋ ಎಂಬ ಊಹೆಯನ್ನು ಪುಸ್ತಕಗಳು ಇನ್ನೂ ದೃಢಪಡಿಸಿಲ್ಲ, ಟಿವಿ ಸರಣಿ 2016ರ ಜೂನ್‌ನಲ್ಲಿ ದೃಢಪಡಿಸಿತು. ಒಬ್ಬ ಮನುಷ್ಯ ತನ್ನ ಮನೆಯ ಬಗ್ಗೆ ಕಟ್ಟಿಕೊಂಡ ಥಿಯರಿಗೆ ನಾಡೇ ಹೊತ್ತಿ ಉರಿಯಿತು. ಅವನೂ ಸತ್ತ, ಅಪ್ಪನೂ ಸತ್ತ. ಹೆಂಡತಿ ಎಲಿಯಾ, ಎಳೆಯ ಮಗಳು ರೇನಿಸ್ ಕೊಲೆಯಾದರು. ಈ ನಿಸ್ಸಾ ನಿಸ್ಸಾರನ್ನು ಯಾರೂ ಕರೆದು ಕೇಳಲಿಲ್ಲ.

ಡೆನೇರಿಸ್‌ಳ ಚಿತೆಯ ದೃಶ್ಯವನ್ನು ಹೀಗೆ ಓದಿದರೆ ಬೇರೆಯೇ ಬೆಳಕು ಬೀಳುತ್ತದೆ. ಸಾಯುತ್ತಿದ್ದ ಡ್ರೋಗೋನನ್ನು ಉಳಿಸಲು ಮಿರ್ರಿ ಮಾಜ್ ದೂರ್ ಎಂಬ ಮಂತ್ರವಾದಿನಿ ಜೀವಕ್ಕೆ ಜೀವವೇ ಬೆಲೆ ಎಂದಿದ್ದಳು. ಕುದುರೆಯ ಜೀವ ಸಾಕು ಎಂದು ಡೆನೇರಿಸ್ ಅಂದುಕೊಂಡಳು. ಹೋದದ್ದು ಹೊಟ್ಟೆಯಲ್ಲಿದ್ದ ಮಗು. ಉಸಿರಾಡುವ ಬೊಂಬೆಯಾಗಿ ಉಳಿದ ಗಂಡನನ್ನು ಕೊನೆಗೆ ಅವಳೇ ದಿಂಬು ಒತ್ತಿ ಕೊಂದಳು. ಅವಳನ್ನು ತನ್ನ ಬಾಳಿನ ಚಂದ್ರ ಎಂದು ಕರೆಯುತ್ತಿದ್ದವನು ಅವನು. ಮಿರ್ರಿಯನ್ನು ಜೀವಸಹಿತ ಚಿತೆಗೆ ಕಟ್ಟಿಸಿದಳು. ಡ್ರ್ಯಾಗನ್‌ಗಳು ಎದ್ದದ್ದು ಇಷ್ಟೆಲ್ಲ ಆದಮೇಲೆ. ನಾಲ್ಕು ಲಕ್ಷಣಗಳ ಪಟ್ಟಿಗಿಂತ ಇದೇ ನನಗೆ ಡೆನೇರಿಸ್ ಪರವಾದ ಗಟ್ಟಿ ಸಾಕ್ಷ್ಯ, ಅವಳ ಬಗ್ಗೆ ಹೆದರಿಕೆ ಹುಟ್ಟಿಸುವ ಸಾಕ್ಷ್ಯವೂ ಹೌದು.

ಡಾವೋಸ್ ಇದನ್ನೆಲ್ಲ ಓದಿ ತಿಳಿದವನಲ್ಲ. ಓದುಬರಹವನ್ನೇ ಅವನು ವಯಸ್ಸಾದ ಮೇಲೆ ಕಲಿತದ್ದು. ಆದರೂ ಕಡಲುಗಳ್ಳ ಹೇಳಿದ ಕಥೆಯ ತಿರುಳು ಅವನೊಬ್ಬನಿಗೆ ದಕ್ಕಿತ್ತು. ಮೂರನೆಯ ಪುಸ್ತಕದಲ್ಲಿ ಕಲ್ಲಿನ ಡ್ರ್ಯಾಗನ್ ಎಬ್ಬಿಸಲು ರಾಜರಕ್ತ ಬೇಕೆಂದು ಮೆಲಿಸಾಂಡ್ರೆ ಎಡ್ರಿಕ್ ಸ್ಟಾರ್ಮ್ ಎಂಬ ಹುಡುಗನನ್ನು ಕೇಳುತ್ತಾಳೆ. ಇಡೀ ರಾಜ್ಯದ ಮುಂದೆ ಒಬ್ಬ ಹುಡುಗನ ಜೀವ ಎಷ್ಟರದು ಎಂದು ಸ್ಟಾನಿಸ್ ಕೇಳಿದಾಗ, ಅದಕ್ಕಿಂತ ದೊಡ್ಡದು ಇಲ್ಲವೆಂಬಂತೆ ಡಾವೋಸ್ ಉತ್ತರಿಸುತ್ತಾನೆ. ತಲೆ ಹೋಗಬಹುದೆಂದು ಗೊತ್ತಿದ್ದೂ ಹುಡುಗನನ್ನು ಹಡಗು ಹತ್ತಿಸಿ ಕಳಿಸಿಬಿಡುತ್ತಾನೆ. ಈ ಮಾಲೆಯಲ್ಲಿ ವೀರ ಎಂದು ಒಬ್ಬನನ್ನು ಕರೆಯಬೇಕಾದರೆ ನಾನು ಅವನನ್ನೇ ಕರೆಯುತ್ತೇನೆ, ಯಾವ ನಕ್ಷತ್ರವೂ ಅವನಿಗಾಗಿ ರಕ್ತ ಸುರಿಸದಿದ್ದರೂ.

2011ರಿಂದ 2019ರವರೆಗೆ 73 ಕಂತುಗಳಲ್ಲಿ ಬಂದ ‘ಗೇಮ್ ಆಫ್ ಥ್ರೋನ್ಸ್’ ಈ ಗಂಟನ್ನು ಬಿಡಿಸಲಿಲ್ಲ, ಬದಿಗಿಟ್ಟಿತು. 2019ರ ಏಪ್ರಿಲ್ 28ರಂದು ಪ್ರಸಾರವಾದ ಕಂತಿನಲ್ಲಿ, ಆ ಹಳೆಯ ಕತ್ತಲನ್ನು ಮತ್ತೆ ಹೊತ್ತು ತಂದ ಹಿಮಲೋಕದ ದೊರೆಯನ್ನು ಇರಿದವಳು ಆರ್ಯಾ ಸ್ಟಾರ್ಕ್. ಯಾರೂ ಊಹಿಸದವಳು ಎಂಬುದು ನಿರ್ಮಾಪಕರ ಪಾಲಿಗೆ ಹೆಗ್ಗಳಿಕೆಯಾಯಿತು. ವರ್ಷಗಟ್ಟಲೆ ಸುಳಿವು ಕೂಡಿಸಿದ ಅಭಿಮಾನಿಗಳಿಗೆ ಆದ ನೋವನ್ನು ಹುಚ್ಚಾಟ ಎಂದು ತಳ್ಳಿಹಾಕಿದವರೂ ಇದ್ದಾರೆ. ನನಗೆ ಆ ನೋವು ನ್ಯಾಯವಾದದ್ದೇ ಎನಿಸುತ್ತದೆ. ಆರ್ಯಾ ಗೆದ್ದದ್ದು ತಪ್ಪಲ್ಲ. ಆ ಇರಿತಕ್ಕೆ ಅವಳು ಏನನ್ನು ಕಳೆದುಕೊಂಡಳು ಎಂಬ ಪ್ರಶ್ನೆಯನ್ನು ಸರಣಿ ಕೇಳಲೇ ಇಲ್ಲ. ಓದುಗರು ಊಹಿಸಿಬಿಟ್ಟರೆಂದು ಕಥೆ ಬದಲಿಸುವವರಲ್ಲ ಮಾರ್ಟಿನ್: ಒಬ್ಬಿಬ್ಬರು ಸರಿಯಾದ ಉತ್ತರ ಕಂಡುಕೊಂಡಿದ್ದಾರೆ, ಅದಕ್ಕಾಗಿ ತಿರುವು ಬದಲಿಸಿದರೆ ಹಿಂದೆ ಬಿತ್ತಿದ ಸುಳಿವುಗಳೆಲ್ಲ ಹಾಳಾಗುತ್ತವೆ ಎಂದು ಅವರು 2014ರಲ್ಲೇ ಹೇಳಿದ್ದರು. 2022ರ ‘ಹೌಸ್ ಆಫ್ ದ ಡ್ರ್ಯಾಗನ್’ ಈ ವಿಷಯದಲ್ಲಿ ಮೇಲು. ಸಾವಿನ ಹಾಸಿಗೆಯಲ್ಲಿ ದೊರೆ ವಿಸೇರಿಸ್ ಪೂರ್ವಜ ಏಗನ್ ಕಂಡ ಕನಸನ್ನು ತೊದಲುತ್ತಾನೆ. ಪಕ್ಕದಲ್ಲಿರುವವಳು ಮಗಳಲ್ಲ, ಹೆಂಡತಿ ಅಲಿಸೆಂಟ್. ಅವನು ಹೇಳುತ್ತಿರುವುದು ತಮ್ಮ ಮಗ ಏಗನ್ ಬಗ್ಗೆ ಎಂದು ಅವಳು ತಿಳಿಯುತ್ತಾಳೆ. ಒಂದು ಹೆಸರು ತಪ್ಪಾಗಿ ಕಿವಿಗೆ ಬಿದ್ದು ಅಂತರ್ಯುದ್ಧವೇ ಶುರುವಾಗುತ್ತದೆ.

ಇನ್ನು ಬರಬೇಕಾದ ಆರನೆಯ ಪುಸ್ತಕದ ಬಗ್ಗೆ ಥಿಯರಿ ಕಟ್ಟುವವರಿಗೆ ನನಗೆ ತೋರುವ ನಿಜವಾದ ಗಂಟು ಒಂದಿದೆ. 2015ರ ಜೂನ್‌ನಲ್ಲಿ ಟಿವಿ ಸರಣಿಯ ಸ್ಟಾನಿಸ್ ಹಿಮ ಕರಗಲೆಂದು ಒಬ್ಬಳೇ ಮಗಳು ಶಿರೀನ್‌ಳನ್ನು ಬೆಂಕಿಗೆ ಕೊಟ್ಟ. ಹಿಮ ಕರಗಿತು. ಅರ್ಧ ಸೇನೆ ರಾತ್ರೋರಾತ್ರಿ ಓಡಿಹೋಯಿತು, ಹೆಂಡತಿ ನೇಣು ಹಾಕಿಕೊಂಡಳು, ಅವನು ಸೋತು ಸತ್ತ. ಈ ಘಟನೆಯ ಮೂಲ ಮಾರ್ಟಿನ್ ಅವರೇ ಎಂದು ನಿರ್ಮಾಪಕರು ಹೇಳಿದ್ದಾರೆ. ಆದರೆ ಪುಸ್ತಕದಲ್ಲಿ ಸ್ಟಾನಿಸ್ ವಿಂಟರ್‌ಫೆಲ್ ಹತ್ತಿರದ ಹಿಮದಲ್ಲಿ ಸಿಕ್ಕಿಬಿದ್ದಿದ್ದಾನೆ. ಶಿರೀನ್ ತಾಯಿಯೊಂದಿಗೆ ಬಹುದೂರದ ಗೋಡೆಯ ಬಳಿ ಇದ್ದಾಳೆ, ಮೆಲಿಸಾಂಡ್ರೆಯೂ ಅಲ್ಲಿದ್ದಾಳೆ, ಇರಿತಕ್ಕೆ ಬಿದ್ದ ಜಾನ್ ಸ್ನೋ ಕೂಡ ಅಲ್ಲಿಯೇ ಇದ್ದಾನೆ. ಮಾರ್ಟಿನ್ ಮೊದಲೇ ಹೊರಗೆಡಹಿದ ಅಧ್ಯಾಯವೊಂದರಲ್ಲಿ ಸ್ಟಾನಿಸ್ ತನ್ನ ಯೋಧನಿಗೆ ಆಜ್ಞೆ ಕೊಡುತ್ತಾನೆ: ನಾನು ಸತ್ತರೂ ಸರಿ, ನನ್ನ ಮಗಳನ್ನು ಸಿಂಹಾಸನದ ಮೇಲೆ ಕೂರಿಸಲು ಹೋರಾಡು ಎಂಬುದು ಅದರ ತಾತ್ಪರ್ಯ. ಇಂಥ ಅಪ್ಪನ ಮಗಳನ್ನು ಬೆಂಕಿಗೆ ಒಯ್ಯುವ ಕೈ ಯಾರದು, ಯಾರನ್ನು ಎಬ್ಬಿಸಲೆಂದು, ಅವನ ಒಪ್ಪಿಗೆ ಇದ್ದೋ ಇಲ್ಲದೆಯೋ? ಜಾನ್ ಪಕ್ಷದವರು ಉಪ್ಪನ್ನೂ ಹೊಗೆಯನ್ನೂ ಎಣಿಸಿ ಮುಗಿಸಿದ್ದಾರೆ. ತಮ್ಮ ನಾಯಕ ಮರಳಿ ಏಳುವುದಾದರೆ ಆ ಹುಡುಗಿಯ ಲೆಕ್ಕವನ್ನು ಅವರು ಇನ್ನೂ ಹಾಕಬೇಕಾಗಿದೆ.